ರಾಟೆಯ ಗಾತ್ರವೂ ಎಂಜಿನಿನ ತಾಪವೂ

ಪೆಟ್ರೋಲು ಉರಿದಾಗ ಬಿಡುಗಡೆಯಾಗುವ ಶಕ್ತಿಯಲ್ಲಿ ಕಾರಿನ ಚಕ್ರಗಳನ್ನು ತಿರುಗಿಸಲು ಒದಗುವುದು ಅಲ್ಪಾಂಶ ಮಾತ್ರ. ಉಳಿದುದು ಉಷ್ಣವಾಗಿ ವ್ಯಯವಾಗುತ್ತದೆ. ಅದರಲ್ಲಿ ಒಂದು ಪಾಲು ಹೊಗೆಯೊಡನೆ ಹೊರಬೀಳುತ್ತದೆ. ಲೋಹದಲ್ಲಿ ಸೇರಿಕೊಂಡ ಪಾಲನ್ನು ಮಾತ್ರ ಬೇರೊಂದು ಉಪಾಯದಿಂದ ಹೊರಹಾಕಬೇಕು. ಹಾಗೆ ಮಾಡದಿದ್ದರೆ ಎಣ್ಣೆ ತೆಳುವಾಗಿ, ಕವಾಟಗಳು ಸುಟ್ಟು, ಎಂಜಿನು ಹಾಳಾಗುತ್ತದೆ.

ಮೋಟಾರ್ ಸೈಕಲ್ಲಿನ ಎಂಜಿನು ತೆರೆದಿರುವುದರಿಂದ ಓಟದ ಗಾಳಿಯೇ ಅದನ್ನು ತಣಿಸುತ್ತದೆ. ಜರ್ಮನಿಯ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನಲ್ಲಾದರೋ ಎಂಜಿನು ಹಿಂಬದಿಯ ಮುಚ್ಚಳದೊಳಗೆ ಅಡಗಿದೆ. ನೀರಿನ ರೇಡಿಯೇಟರೂ ಇಲ್ಲ. ಫರ್ಡಿನಂಡ್ ಪೋರ್ಷೆ 1930ರ ದಶಕದಲ್ಲಿ ರೂಪಿಸಿದ ಈ ಕಾರಿನ ತಯಾರಿಕೆ 2003ರಲ್ಲಿ ಮೆಕ್ಸಿಕೋ ದೇಶದಲ್ಲಿ ನಿಂತಿತು. ಅಷ್ಟರಲ್ಲಿ 2 ಕೋಟಿ 10 ಲಕ್ಷಕ್ಕೂ ಹೆಚ್ಚು ಕಾರುಗಳು ತಯಾರಾಗಿದ್ದವು. ಅವನ್ನು ಜೋಪಾನವಾಗಿ ಓಡಿಸುತ್ತಿರುವ ಅಭಿಮಾನಿಗಳ ಮುಂದೆ ಬರುವ ಒಂದು ಪ್ರಶ್ನೆ ಇದು: ಕ್ರ್ಯಾಂಕ್ ದಂಡದ ರಾಟೆ ಎಷ್ಟು ದೊಡ್ಡದಿರಬೇಕು?

ಈ ರಾಟೆಗೂ ತಂಪಿಗೂ ಏನು ಸಂಬಂಧ? ಕ್ರ್ಯಾಂಕ್ ದಂಡದ ತುದಿಯಲ್ಲಿರುವ ರಾಟೆ ಒಂದು ಬೆಲ್ಟಿನ ಮೂಲಕ ಮೇಲಿರುವ ಡೈನಮೋವನ್ನು ತಿರುಗಿಸುತ್ತದೆ. ಡೈನಮೋದ ದಂಡದ ಇನ್ನೊಂದು ತುದಿಗೆ ಬೀಸಣಿಗೆಯನ್ನು ಜೋಡಿಸಿದೆ. ಅದು ಎಳೆದುಕೊಂಡ ಗಾಳಿಯು ತಗಡಿನ ಹೊದಿಕೆಯೊಳಗೆ ಹರಿದು, ನಾಲ್ಕು ಸಿಲಿಂಡರುಗಳ ಲೋಹದ ಏಣುಗಳ ನಡುವೆ ನುಗ್ಗಿ, ಉಷ್ಣವನ್ನು ಹೊತ್ತುಕೊಂಡು ಹೊರಹೋಗುತ್ತದೆ.

ಬೆಲ್ಟು ಜಾರದಿದ್ದರೆ ಎರಡು ರಾಟೆಗಳ ಅಂಚಿನ ವೇಗವೂ ಒಂದೇ. ಆದುದರಿಂದ ಬೀಸಣಿಗೆಯ ಸುತ್ತುಗಳು ರಾಟೆಗಳ ವ್ಯಾಸಗಳ ಪ್ರಮಾಣವನ್ನು ಅನುಸರಿಸುತ್ತವೆ. ಲೆಕ್ಕಕ್ಕಾಗಿ ಕ್ರ್ಯಾಂಕ್ ರಾಟೆ 18 ಸೆಂಟಿಮೀಟರು, ಡೈನಮೋ ರಾಟೆ 10 ಸೆಂಟಿಮೀಟರು ಎಂದು ಇಟ್ಟುಕೊಳ್ಳೋಣ. ಎಂಜಿನು ಒಂದು ಸುತ್ತು ಬಂದಾಗ ಬೀಸಣಿಗೆ 1.8 ಸುತ್ತು ಬರುತ್ತದೆ. ಬೀಟಲ್ ಕಾರಿನ ಮೂಲ ಏರ್ಪಾಡೂ ಸುಮಾರಾಗಿ ಹೀಗೆಯೇ ಇದೆ.

ಈಗ ಕ್ರ್ಯಾಂಕ್ ರಾಟೆಯನ್ನು 13.5 ಸೆಂಟಿಮೀಟರಿಗೆ ಇಳಿಸೋಣ. ಬೀಸಣಿಗೆಯ ವೇಗ ಮೊದಲಿನ ಮುಕ್ಕಾಲಾಗುತ್ತದೆ, ಗಾಳಿಯೂ ಮುಕ್ಕಾಲಾಗುತ್ತದೆ. ಆದರೆ ಬೀಸಣಿಗೆ ಹೀರುವ ಸಾಮರ್ಥ್ಯವು ವೇಗದ ಘನಕ್ಕೆ ಅನುಗುಣವಾದುದು. ಮುಕ್ಕಾಲಿನ ಘನ 27/64, ಎಂದರೆ ಸುಮಾರು 0.42. ಮೊದಲು 4 ಅಶ್ವಶಕ್ತಿ ಹೀರುತ್ತಿದ್ದರೆ ಈಗ 1.7 ಸಾಕು. ಉಳಿತಾಯವಾದ 2.3 ಅಶ್ವಶಕ್ತಿ ಚಕ್ರಗಳಿಗೆ ದೊರೆಯುತ್ತದೆ. ಚಿಕ್ಕ ರಾಟೆಗೆ ಮನಸೋಲುವವರು ಈ ಲಾಭವನ್ನೇ ಕಾಣುತ್ತಾರೆ.

ಆದರೆ ಕಾರು ಘಟ್ಟವನ್ನು ಹತ್ತುವಾಗ ಏನಾಗುತ್ತದೆಂಬುದನ್ನು ನೋಡೋಣ. ಆಗ ಎಂಜಿನು ಮಿನಿಟಿಗೆ 2000 ಸುತ್ತು ಬರುತ್ತ ತನ್ನ ಶಕ್ತಿಮೀರಿ ದುಡಿಯುತ್ತಿರಬಹುದು. ಉಷ್ಣ ಹೇರಳವಾಗಿ ಹುಟ್ಟುತ್ತಿದೆ. ಬೀಸಣಿಗೆಗೆ ಮಾತ್ರ 3600 ಸುತ್ತಿಗೆ ಬದಲು 2700 ಸುತ್ತು. ಕಡಿಮೆ ಗಾಳಿ ಅಷ್ಟೇ ಉಷ್ಣವನ್ನು ಸಾಗಿಸಬೇಕಾದರೆ ಲೋಹ ಇನ್ನಷ್ಟು ಕಾಯಲೇಬೇಕು. ಡೈನಮೋ ಕೂಡ ನಿಧಾನವಾಗುವುದರಿಂದ, ನಿಂತಲ್ಲೇ ಎಂಜಿನು ಓಡುತ್ತಿರುವಾಗ ಬ್ಯಾಟರಿಗೆ ವಿದ್ಯುತ್ತು ಸಾಲದೆ ಹೋಗಬಹುದು.

ಪಂದ್ಯದ ಕಾರಿನ ಸಂಗತಿ ಬೇರೆ. ಅದರ ಎಂಜಿನು ಬಹುಮಟ್ಟಿಗೆ ಹೆಚ್ಚಿನ ವೇಗದಲ್ಲಿಯೇ ಓಡುತ್ತದೆ. 6000 ಸುತ್ತಿನಲ್ಲಿ ಚಿಕ್ಕ ರಾಟೆಯು ಬೀಸಣಿಗೆಗೆ 8100 ಸುತ್ತು ಕೊಡುತ್ತದೆ. ದೊಡ್ಡ ರಾಟೆಯು 4500 ಸುತ್ತಿನಲ್ಲಿ ಕೊಡುವುದೂ ಅಷ್ಟನ್ನೇ.

ಹಾಗಾದರೆ ರಾಟೆಯನ್ನು ಇನ್ನೂ ಹಿಗ್ಗಿಸಬಹುದಲ್ಲವೆ? 20 ಸೆಂಟಿಮೀಟರಿನ ರಾಟೆ ಹಾಕಿದರೆ ಗಾಳಿ ಶೇಕಡ 11ರಷ್ಟು ಹೆಚ್ಚುತ್ತದೆ. ಬೀಸಣಿಗೆ ಹೀರುವ ಸಾಮರ್ಥ್ಯವಾದರೋ ಶೇಕಡ 37ರಷ್ಟು ಏರುತ್ತದೆ. ಬೇರಿಂಗುಗಳ ಸವೆತವೂ ಸದ್ದೂ ಹೆಚ್ಚುತ್ತವೆ. ಮೂಗಿಗಿಂತ ಮೂಗುತಿ ಭಾರವೆನ್ನುವ ಸ್ಥಿತಿ ಬರುತ್ತದೆ.

ಆದುದರಿಂದ ರಾಟೆಯನ್ನು ಆರಿಸುವಾಗ ಎಂಜಿನಿನ ಅತ್ಯಧಿಕ ವೇಗವೊಂದನ್ನೇ ಲೆಕ್ಕಕ್ಕೆ ತೆಗೆದುಕೊಂಡರೆ ಸಾಲದು; ಅದು ನಿಧಾನವಾಗಿ ತಿರುಗುತ್ತ ಅತ್ಯಂತ ಕಷ್ಟಪಟ್ಟು ದುಡಿಯುವ ಗಳಿಗೆಯನ್ನು ಮುಖ್ಯವಾಗಿ ಗಮನಿಸಬೇಕು. ಸಾಮಾನ್ಯ ರಸ್ತೆಗೆ ಮೂಲ ಗಾತ್ರವೇ ಯೋಗ್ಯ. ಬದಲಾಯಿಸಲೇಬೇಕೆನ್ನುವವರು ಸ್ಪಾರ್ಕ್ ಪ್ಲಗ್ಗಿನ ಬುಡಕ್ಕೆ ಥರ್ಮೋಕಪಲ್ ಅಳವಡಿಸಿ, ಏರುದಾರಿಯಲ್ಲಿ ಉಷ್ಣತೆಯನ್ನು ಅಳೆದು ನಿರ್ಧರಿಸುವುದು ಲೇಸು. ಚಾಲಕನಿಗೂ ಇದರಲ್ಲಿ ಒಂದು ಪಾಠವಿದೆ: ಘಟ್ಟದಲ್ಲಿ ಕೆಳಗಿನ ಗೇರಿಗೆ ಬಂದರೆ ಎಂಜಿನಿನ ಸುತ್ತುಗಳು ಹೆಚ್ಚುತ್ತವೆ, ಬೀಸಣಿಗೆಯದೂ ಹೆಚ್ಚುತ್ತವೆ, ರಾಟೆಯನ್ನು ಮುಟ್ಟದೆಯೇ ಎಂಜಿನಿಗೆ ಹೆಚ್ಚು ಗಾಳಿ ಸಿಗುತ್ತದೆ.