ವೇಗದ ಮೋಟಾರಿಗೆ ಮುಪ್ಪು ಬಂದಾಗ

ಮೋಟಾರು ಗಾಡಿಯ ವಯಸ್ಸನ್ನು ಕೇಳಿದರೆ ನಾವು ಸಾಮಾನ್ಯವಾಗಿ ಮೈಲಿಯ ಲೆಕ್ಕವನ್ನು ಹೇಳುವುದುಂಟು. ಇಷ್ಟು ಸಾವಿರ ಮೈಲಿ ಓಡಿದೆ, ಆದುದರಿಂದ ಇಷ್ಟು ಸವೆದಿರಬೇಕು ಎಂದು ಊಹಿಸುತ್ತೇವೆ. ಬಾಡಿಗೆಗಾಗಿ ದಿನವೂ ದುಡಿಯುವ ಗಾಡಿಯ ವಿಷಯದಲ್ಲಿ ಈ ಲೆಕ್ಕವು ಬಹುಮಟ್ಟಿಗೆ ಸರಿಯೇ. ಆದರೆ ವೇಗಕ್ಕಾಗಿಯೇ ನಿರ್ಮಿತವಾಗಿ, ಮೂವತ್ತು ನಾಲ್ವತ್ತು ವರ್ಷಗಳನ್ನು ಕಳೆದು, ಈಗ ಯಾರೋ ಒಬ್ಬ ಅಭಿಮಾನಿಯು ಷೆಡ್ಡಿನಲ್ಲಿ ಬಟ್ಟೆ ಹೊದಿಸಿಟ್ಟು ಭಾನುವಾರ ಮಾತ್ರ ಹೊರಕ್ಕೆ ತೆಗೆಯುವ ಗಾಡಿಗೆ ಇದನ್ನು ಅನ್ವಯಿಸಿದರೆ ಮೋಸಹೋಗಬೇಕಾಗುತ್ತದೆ. ಅಂತಹ ಗಾಡಿಯನ್ನು ಕೆಡಿಸುವುದು ಓಟವಲ್ಲ, ಕಾಲ. ಅದರಲ್ಲಿಯೂ ಕಾಲವು ಮೊದಲು ಕೈಹಾಕುವುದು ಆ ಗಾಡಿಯ ಹೆಸರಿಗೆ ಕಾರಣವಾದ ಉಕ್ಕಿನ ಭಾಗಗಳ ಮೇಲಲ್ಲ. ಯಾರೂ ಲಕ್ಷ್ಯವಿಡದ ರಬ್ಬರು, ಪ್ಲಾಸ್ಟಿಕ್ಕು, ಬೆಸುಗೆಗಳ ಮೇಲೆ.

ಈ ಮಾತನ್ನು ನಾನು ಚೆನ್ನಾಗಿ ಬಲ್ಲ ಒಂದು ಗಾಡಿಯ ಉದಾಹರಣೆಯಿಂದ ವಿವರಿಸುತ್ತೇನೆ. ಜರ್ಮನಿಯ ಪೋರ್ಷೆ ಕಂಪೆನಿಯವರು 1982ರಿಂದ 1991ರ ವರೆಗೆ 944 ಎಂಬ ಮಾದರಿಯನ್ನು ತಯಾರಿಸುತ್ತಿದ್ದರು. ಒಟ್ಟು ಸುಮಾರು 1,63,000 ಗಾಡಿಗಳು ಹೊರಬಂದುವು. ಅವುಗಳಲ್ಲಿ ಬಹುಪಾಲು ಜೋಡಣೆಯಾದದ್ದು ನೆಕರ್ಸುಲ್ಮ್ ಪಟ್ಟಣದಲ್ಲಿದ್ದ ಔಡಿಯವರ ಕಾರ್ಖಾನೆಯಲ್ಲಿ. ಎಂಜಿನ್ನು ಮುಂದೆ, ಗೇರುಪೆಟ್ಟಿಗೆ ಹಿಂದೆ. ಇವೆರಡನ್ನೂ ಕೂಡಿಸುವುದಕ್ಕೆ ನಡುವೆ ಉದ್ದನೆಯ ಒಂದು ಕೊಳವೆ, ಅದರೊಳಗೆ ತಿರುಗುವ ಒಂದು ದಂಡ. ಈ ಏರ್ಪಾಡಿನಿಂದ ಭಾರವು ನಾಲ್ಕು ಚಕ್ರಗಳಿಗೂ ಹೆಚ್ಚುಕಡಮೆ ಸಮನಾಗಿ ಹಂಚಿಹೋಗಿ, ತಿರುವಿನಲ್ಲಿ ಗಾಡಿಯು ನೆಲವನ್ನು ಕಚ್ಚಿಕೊಂಡು ಹೋಗುವುದು. ಹೊಸದಾಗಿದ್ದಾಗ ಉಳ್ಳವರ ಗಾಡಿ. ಹಳೆಯದಾದ ಮೇಲೆ ಬಹುಕಾಲ ಆ ಹೆಸರಿನ ಗಾಡಿಗಳಲ್ಲೆಲ್ಲಾ ಅಗ್ಗವಾಗಿ ದೊರೆಯುತ್ತಿದ್ದುದು ಇದೇ. ಕೊಳ್ಳುವ ಬೆಲೆ ಇಳಿದರೂ ಬಿಡಿಭಾಗಗಳ ಬೆಲೆ ಇಳಿಯಲಿಲ್ಲವೆಂಬುದನ್ನು ನನ್ನಂಥವರು ಕೊಂಡ ಮೇಲೆ ತಿಳಿದುಕೊಂಡರು.

ನಾನು ಕೆಲವು ವರ್ಷ ಕ್ಯಾಲಿಫೋರ್ನಿಯಾದಲ್ಲಿ ಉದ್ಯೋಗದಲ್ಲಿದ್ದಾಗ 1986ರಲ್ಲಿ ತಯಾರಾದ ಇಂತಹ ಒಂದು ಗಾಡಿಯು ನನ್ನ ಕೈಸೇರಿತು. ಮಾರಿದವರು ಸಜ್ಜನರು. ಬಣ್ಣ ಹೊಳೆಯುತ್ತಿತ್ತು. ಮೈಲಿಮಾಪಕವು 61,000ವನ್ನು ತೋರಿಸುತ್ತಿತ್ತು. ಅಷ್ಟು ಕಡಮೆ ಓಡಿದ ಗಾಡಿ ಸಿಕ್ಕಿತೆಂದು ನಾನು ಹಿಗ್ಗಿದೆ. ಒಂದು ವಾರವಾದ ಮೇಲೆ ನೋಡಿದರೆ ಆ ಅಂಕಿ 61,000ದಲ್ಲಿಯೇ ನಿಂತಿತ್ತು! ಮಾಪಕದೊಳಗೆ ಅಂಕಿಗಳನ್ನು ಹೊರಳಿಸುವ ಪ್ಲಾಸ್ಟಿಕ್ಕಿನ ಒಂದು ಸಣ್ಣ ಹಲ್ಲಿನ ಗಾಲಿಯುಂಟು. ಅದು ವಯಸ್ಸಾದಂತೆ ಸೀಳಿ ಪುಡಿಯಾಗುವುದು ಈ ಗಾಡಿಗಳ ಹುಟ್ಟುಗುಣ. ವೇಗದ ಮುಳ್ಳು ಆಡುತ್ತಿರುತ್ತದೆ, ಮೈಲಿಯ ಅಂಕಿ ಮಾತ್ರ ಕದಲುವುದಿಲ್ಲ. ಅದು ಎಂದು ನಿಂತಿತೆಂಬುದನ್ನು ಹೇಳಬಲ್ಲವರು ಯಾರೂ ಇರಲಿಲ್ಲ. ನಾನು ನಂಬಿದ್ದ ಲೆಕ್ಕವೇ ಸತ್ತುಹೋಗಿತ್ತು. ಆಗ ನನಗೆ ಹೊಳೆದ ಪ್ರಶ್ನೆ ಬೇರೆ: ಇದರ ಬೆಲ್ಟನ್ನು ಕಡೆಯ ಸಲ ಬದಲಾಯಿಸಿದ್ದು ಯಾವಾಗ?

ಈ ಪ್ರಶ್ನೆಯ ಗುರುತ್ವವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಎಂಜಿನ್ನಿನಲ್ಲಿ ಪಿಸ್ಟನ್ನುಗಳು ಮೇಲಕ್ಕೂ ಕೆಳಕ್ಕೂ ಆಡುವಾಗ, ಗಾಳಿಯನ್ನು ಒಳಕ್ಕೆ ಬಿಡುವ ಮತ್ತು ಹೊಗೆಯನ್ನು ಹೊರಕ್ಕೆ ಬಿಡುವ ವಾಲ್ವುಗಳು ತಕ್ಕ ಕ್ಷಣದಲ್ಲಿ ತೆರೆದು ಮುಚ್ಚಬೇಕು. ಈ ಹೊಂದಿಕೆಯನ್ನು ಕಾಯುವುದು ಒಂದು ಹಲ್ಲಿನ ಬೆಲ್ಟು. ಕೆಲವು ಎಂಜಿನ್ನುಗಳಲ್ಲಿ ಅದು ಹರಿದರೆ ಗಾಡಿ ನಿಲ್ಲುವುದು, ಅಷ್ಟೆ. ಹೊಸ ಬೆಲ್ಟು ಹಾಕಿಕೊಂಡು ಹೊರಡಬಹುದು. 944ರ ಎಂಜಿನ್ನು ಅಂತಹುದಲ್ಲ. ಇದರಲ್ಲಿ ತೆರೆದ ವಾಲ್ವು ಮತ್ತು ಮೇಲೇರಿದ ಪಿಸ್ಟನ್ನು ಒಂದೇ ಎಡೆಯನ್ನು ಸರದಿಯ ಮೇಲೆ ಉಪಯೋಗಿಸುತ್ತವೆ. ಬೆಲ್ಟು ಇರುವವರೆಗೆ ಸರದಿ ತಪ್ಪುವುದಿಲ್ಲ. ಹರಿದರೆ, ಅಥವಾ ಕೆಲವು ಹಲ್ಲು ಜಾರಿದರೂ, ಪಿಸ್ಟನ್ನು ಹೋಗಿ ವಾಲ್ವನ್ನು ಬಡಿದು ಬಗ್ಗಿಸುತ್ತದೆ. ಎಂಜಿನ್ನು ನಿಮಿಷಕ್ಕೆ 6,000 ಸುತ್ತು ತಿರುಗುತ್ತಿದ್ದರೆ ಒಂದೊಂದು ಪಿಸ್ಟನ್ನೂ ಸೆಕೆಂಡಿಗೆ 100 ಸಲ ಮೇಲೇರುತ್ತಿರುತ್ತದೆ. ಚಾಲಕನು ಶಬ್ದವನ್ನು ಕೇಳಿ ಕಾಲು ತೆಗೆಯುವುದರೊಳಗೆ ಎಲ್ಲವೂ ಮುಗಿದಿರುವುದು. ಆ ರಿಪೇರಿಯ ಖರ್ಚು ಎಷ್ಟೋ ವೇಳೆ ಗಾಡಿಯ ಬೆಲೆಯನ್ನು ಮೀರುತ್ತಿದ್ದುದರಿಂದ, ಉಳಿದೆಲ್ಲ ವಿಧದಲ್ಲಿಯೂ ಚೆನ್ನಾಗಿದ್ದ ಗಾಡಿಗಳು ಈ ಒಂದು ಕಾರಣಕ್ಕಾಗಿ ಗುಜರಿಗೆ ಹೋದುವು.

ಇಷ್ಟೇ ಆಗಿದ್ದರೆ ಒಂದು ಬೆಲ್ಟಿನ ಮೇಲೆ ಕಣ್ಣಿಟ್ಟರೆ ಸಾಕಾಗಿತ್ತು. ಆದರೆ ಈ ಎಂಜಿನ್ನಿನಲ್ಲಿ ಎರಡು ಬೆಲ್ಟುಗಳುಂಟು. ಎರಡನೆಯದು ಬಂದ ಕಥೆ ಸ್ವಾರಸ್ಯವಾದುದು. ಒಂದೇ ಸಾಲಿನಲ್ಲಿ ನಾಲ್ಕು ಸಿಲಿಂಡರುಗಳಿರುವ ಎಂಜಿನ್ನಿನಲ್ಲಿ ಎರಡು ಪಿಸ್ಟನ್ನುಗಳು ಏರುವಾಗ ಎರಡು ಇಳಿಯುವುವು. ಮೇಲುನೋಟಕ್ಕೆ ತಕ್ಕಡಿ ಸಮನಾಗಿರಬೇಕು. ಆದರೆ ಪಿಸ್ಟನ್ನನ್ನು ತಳ್ಳುವ ದಂಡವು ಓರೆಯಾಗುತ್ತ ನೆಟ್ಟಗಾಗುತ್ತ ಇರುವುದರಿಂದ, ಪಿಸ್ಟನ್ನು ಸಿಲಿಂಡರಿನ ಮೇಲರ್ಧದಲ್ಲಿ ವೇಗವಾಗಿಯೂ ಕೆಳಗಿನ ಅರ್ಧದಲ್ಲಿ ನಿಧಾನವಾಗಿಯೂ ಚಲಿಸುತ್ತದೆ. ಹೀಗಾಗಿ ಪ್ರತಿ ಸುತ್ತಿಗೂ ಎರಡು ಸಲ ಒಂದು ಅದುರು ಉಳಿದುಕೊಳ್ಳುತ್ತದೆ. ಸಣ್ಣ ಎಂಜಿನ್ನಿನಲ್ಲಿ ಇದನ್ನು ಸಹಿಸಬಹುದು. 944ರಲ್ಲಿ ಸಿಲಿಂಡರಿನ ಬಾಯಿ 100 ಮಿಲಿಮೀಟರು, ನಾಲ್ಕೂ ಸೇರಿ 2,479 ಘನ ಸೆಂಟಿಮೀಟರು. ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿಯೇ ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಎಂಬ ಎಂಜಿನಿಯರು ಇದಕ್ಕೆ ಪರಿಹಾರವನ್ನು ಕಂಡುಹಿಡಿದಿದ್ದನು: ಒಂದು ಪಕ್ಕಕ್ಕೆ ಭಾರವನ್ನಿಟ್ಟ ಎರಡು ದಂಡಗಳನ್ನು ಎಂಜಿನ್ನಿನ ಎರಡರಷ್ಟು ವೇಗದಲ್ಲಿ, ಒಂದಕ್ಕೊಂದು ವಿರುದ್ಧವಾಗಿ ತಿರುಗಿಸಿದರೆ ಅವುಗಳ ಅದುರು ಪಿಸ್ಟನ್ನಿನ ಅದುರನ್ನು ನುಂಗಿಬಿಡುವುದು. ಈ ವ್ಯವಸ್ಥೆಯನ್ನು ಸುಧಾರಿಸಿ ಹಕ್ಕು ಪಡೆದಿದ್ದವರು ಜಪಾನಿನ ಮಿತ್ಸುಬಿಷಿಯವರು. ಜರ್ಮನರು ಅವರಿಗೆ ಹಣ ತೆತ್ತು ಅದನ್ನು ತಮ್ಮ ಗಾಡಿಗೆ ಅಳವಡಿಸಿಕೊಂಡರು. ಆ ಎರಡು ದಂಡಗಳನ್ನು ತಿರುಗಿಸುವುದೇ ಎರಡನೆಯ ಬೆಲ್ಟು. ಇದು ಹರಿದರೆ ಅದುರು ಬರುವುದಷ್ಟೇ ಅಲ್ಲ. ಹರಿದ ಚೂರು ಪಕ್ಕದಲ್ಲಿರುವ ಮೊದಲನೆಯ ಬೆಲ್ಟಿಗೆ ಸಿಕ್ಕಿಕೊಂಡು ಅದನ್ನೂ ಕೆಡಿಸಬಹುದು. ಇದಲ್ಲದೆ ನೀರಿನ ಪಂಪನ್ನು ತಿರುಗಿಸುವುದೂ ಮೊದಲನೆಯ ಬೆಲ್ಟೇ ಆದುದರಿಂದ, ಪಂಪಿನ ಬೇರಿಂಗು ಹಿಡಿದುಕೊಂಡರೆ ಬೆಲ್ಟಿಗೆ ಉಳಿಗಾಲವಿಲ್ಲ.

ಒಂದು ಶನಿವಾರ, ಈ ಗಾಡಿಗಳಲ್ಲಿ ಪಳಗಿದ ನೆರೆಯವರೊಬ್ಬರನ್ನು ಜೊತೆಗಿಟ್ಟುಕೊಂಡು ಮುಂಭಾಗದ ಮುಚ್ಚಳವನ್ನು ಬಿಚ್ಚಿದೆ. ಬೆಲ್ಟುಗಳು ಹೊರನೋಟಕ್ಕೆ ಕಪ್ಪಗೆ ಚೆನ್ನಾಗಿಯೇ ಇದ್ದುವು. ತೆಗೆದು ಬೆರಳಿನಿಂದ ಹಿಂದಕ್ಕೆ ಮಡಿಸಿದೊಡನೆ ಹಲ್ಲುಗಳ ಬುಡದಲ್ಲೆಲ್ಲ ಕೂದಲೆಳೆಯಂಥ ಬಿರುಕುಗಳು ಬಾಯ್ತೆರೆದುವು. ಮುಂಭಾಗದ ಸೀಲುಗಳಿಂದ ಒಸರಿದ ಎಣ್ಣೆಯಲ್ಲಿ ನೆನೆದು ಒಂದು ಅಂಚು ಮೆತ್ತಗಾಗಿತ್ತು. ನೆರೆಯವರು ಅದನ್ನು ನೋಡಿ ನನ್ನನ್ನು ಕೇಳಿದ್ದು ಒಂದೇ ಮಾತು: "ಈ ವಾರ ಇದನ್ನು ಎಷ್ಟು ವೇಗವಾಗಿ ಓಡಿಸಿದಿರಿ?" ನಾನು ಉತ್ತರ ಕೊಡಲಿಲ್ಲ.

ಬದಲಾಯಿಸುವ ಕೆಲಸ ಕಠಿಣವಲ್ಲ, ಸೂಕ್ಷ್ಮ. ಬೆಲ್ಟನ್ನು ಸಡಿಲ ಬಿಟ್ಟರೆ ಹಲ್ಲು ಜಾರುವುದು. ಬಿಗಿ ಮಾಡಿದರೆ ಕುಯ್‌ಗುಡುತ್ತ ಪಂಪಿನ ಬೇರಿಂಗನ್ನು ತಿನ್ನುವುದು. ಇದಕ್ಕಾಗಿ ಕಾರ್ಖಾನೆಯವರು ಒಂದು ಅಳತೆಯ ಉಪಕರಣವನ್ನೇ ಮಾಡಿದ್ದರು. ಹೊಸ ಬೆಲ್ಟು ಮೊದಮೊದಲು ಸ್ವಲ್ಪ ಹಿಗ್ಗುವುದರಿಂದ, ಕೆಲವು ಸಾವಿರ ಮೈಲಿಯೊಳಗಾಗಿಯೇ ಮತ್ತೊಮ್ಮೆ ಬಿಗಿಯನ್ನು ಪರೀಕ್ಷಿಸಬೇಕು. ಬೆಲ್ಟನ್ನು ಹಾಕಿದ ಮೇಲೆ ಎಂಜಿನ್ನನ್ನು ಕೂಡಲೆ ಚಾಲೂ ಮಾಡದೆ, ಸ್ಪಾನರಿನಿಂದ ಕೈಯಲ್ಲಿಯೇ ಎರಡು ಪೂರ್ಣ ಸುತ್ತು ತಿರುಗಿಸಿ ಗುರುತುಗಳು ಮತ್ತೆ ಕೂಡುತ್ತವೆಯೇ ಎಂದು ನೋಡತಕ್ಕದ್ದು. ಎಲ್ಲಿಯಾದರೂ ಕೈಗೆ ತಡೆ ಸಿಕ್ಕಿದರೆ ನಿಲ್ಲಿಸಬೇಕು, ಬಲವನ್ನು ತೋರಿಸಬಾರದು. ಬೆಲ್ಟನ್ನು ಬಿಚ್ಚಿದಾಗ ಸೀಲುಗಳನ್ನೂ, ಬೆಲ್ಟು ಹೊರಳುವ ಉರುಳೆಗಳನ್ನೂ, ಹಳೆಯದಾಗಿದ್ದರೆ ನೀರಿನ ಪಂಪನ್ನೂ ಅದೇ ಕೈಯಲ್ಲಿ ಬದಲಾಯಿಸುವುದು ವಿವೇಕ. ಪಂಪಿನ ಹಣವನ್ನು ಉಳಿಸಲು ಹೋಗಿ ಮತ್ತೊಮ್ಮೆ ಎಲ್ಲವನ್ನೂ ಬಿಚ್ಚಿದವರನ್ನು ನಾನು ಕಂಡಿದ್ದೇನೆ. ಅನುಭವಸ್ಥರು 45,000 ಮೈಲಿಗೆ ಅಥವಾ ನಾಲ್ಕೈದು ವರ್ಷಕ್ಕೆ, ಯಾವುದು ಮೊದಲು ಬಂದರೆ ಆಗ, ಈ ಕೆಲಸವನ್ನು ಮಾಡುತ್ತಾರೆ. ವಾರಕ್ಕೊಮ್ಮೆ ಓಡುವ ಗಾಡಿಯಲ್ಲಿ ಮೊದಲು ಬರುವುದು ಯಾವಾಗಲೂ ವರ್ಷವೇ.

ಬೆಲ್ಟಿನ ಕಥೆಯನ್ನು ಇಷ್ಟು ಬೆಳೆಸಿದುದಕ್ಕೆ ಕಾರಣವೇನೆಂದರೆ, ಉಳಿದ ವ್ಯಾಧಿಗಳೂ ಇದೇ ಜಾತಿಯವು. ಎಂಜಿನ್ನಿನ ಪಕ್ಕದಲ್ಲಿ ಎಣ್ಣೆಯನ್ನು ತಣಿಸುವ ಪೆಟ್ಟಿಗೆಯ ರಬ್ಬರಿನ ಉಂಗುರಗಳು ಗಡುಸಾದರೆ ಎಣ್ಣೆಯೂ ನೀರೂ ಬೆರೆತು, ನೀರಿನ ಡಬ್ಬಿಯಲ್ಲಿ ಕೆನೆಯಂಥ ಗಟ್ಟಿ ಪದಾರ್ಥ ತುಂಬಿಕೊಳ್ಳುತ್ತದೆ. ನೋಡಿದವರು ಎಂಜಿನ್ನೇ ಒಡೆಯಿತೆಂದು ಎದೆಗೆಡುತ್ತಾರೆ. ದೋಷವು ಕೆಲವು ರೂಪಾಯಿಯ ಉಂಗುರದಲ್ಲಿರುತ್ತದೆ. ಎಂಜಿನ್ನನ್ನು ಹೊತ್ತಿರುವ ರಬ್ಬರಿನ ಪೀಠಗಳೊಳಗೆ ದ್ರವವನ್ನು ತುಂಬಿರುತ್ತಾರೆ. ಶಾಖಕ್ಕೆ ಅವು ಸೋರಿ ಕುಸಿದಾಗ ಗಾಡಿಯೆಲ್ಲಾ ನಡುಗಿ, ಲ್ಯಾಂಚೆಸ್ಟರನ ದಂಡಗಳ ಮೇಲೆ ಸುಮ್ಮನೆ ಅಪವಾದ ಬರುತ್ತದೆ. ಮೊದಲಿನ ಕ್ಲಚ್ಚಿನ ತಟ್ಟೆಯ ನಡುವೆಯೂ ರಬ್ಬರು! ಅದು ಕಿತ್ತುಹೋದರೆ ಗೇರುಪೆಟ್ಟಿಗೆಯನ್ನು ಇಳಿಸಿ, ನಡುವಿನ ಕೊಳವೆಯನ್ನು ಹಿಂದಕ್ಕೆ ಸರಿಸಿ, ಆಮೇಲೆ ಕ್ಲಚ್ಚಿನ ಮುಖವನ್ನು ಕಾಣಬೇಕು. ಇನ್ನು ಪೆಟ್ರೋಲು ಪಂಪಿಗೂ ಎಂಜಿನ್ನಿನ ಯಂತ್ರಮೆದುಳಿಗೂ ವಿದ್ಯುತ್ತನ್ನು ಒದಗಿಸುವ ಬೆಂಕಿಪೊಟ್ಟಣದಂಥ ಒಂದು ರಿಲೇ ಉಂಟು. ಅದರ ಬೆಸುಗೆ ಬಿರಿದಾಗ ಗಾಡಿಯು ಬಿಸಿಯಲ್ಲಿ ಸುಮ್ಮನೆ ನಿಂತುಬಿಡುತ್ತದೆ. ಅರ್ಧ ಗಂಟೆ ತಣ್ಣಗಾದರೆ ಏನೂ ಆಗದಂತೆ ಹೊರಡುತ್ತದೆ. ಬಲ್ಲವರು ಮತ್ತೊಂದು ರಿಲೇಯನ್ನು ಕೈಪೆಟ್ಟಿಗೆಯಲ್ಲಿಯೇ ಇಟ್ಟುಕೊಂಡಿರುತ್ತಾರೆ.

ಇದು ಪೋರ್ಷೆಗೆ ಮಾತ್ರ ಸೇರಿದ ಗುಣವಲ್ಲ. ಮಜ್ದಾದವರ ಮೂರನೆಯ ಪೀಳಿಗೆಯ ಆರ್‌ಎಕ್ಸ್-7ರಲ್ಲಿ ಟರ್ಬೋಗಳ ಬೇಗೆಗೆ ಸಣ್ಣ ಗಾಳಿಕೊಳವೆಗಳು ಒಣಗಿ ಮುರಿಯುವುದೂ, ಬಿಎಂಡಬ್ಲ್ಯು ಗಾಡಿಗಳಲ್ಲಿ ನೀರಿನ ಪ್ಲಾಸ್ಟಿಕ್ ಡಬ್ಬಿ ಸೀಳುವುದೂ ಅದರ ಮಾಲೀಕರೆಲ್ಲರಿಗೂ ತಿಳಿದ ಮಾತು.

ಇವೆಲ್ಲ ಹಣದ ವಿಷಯವಾಯಿತು. ಪ್ರಾಣದ ವಿಷಯ ಮೂರುಂಟು. ಮೊದಲನೆಯದು ಪೆಟ್ರೋಲಿನ ರಬ್ಬರು ಕೊಳವೆ. ಒತ್ತಡದಲ್ಲಿರುವ ಪೆಟ್ರೋಲು ಕಾದ ಎಂಜಿನ್ನಿನ ಮೇಲೆ ಒಸರಿದರೆ ಆಗುವುದನ್ನು ಹೇಳಬೇಕಾದುದಿಲ್ಲ. ಈಗ ಅಮೆರಿಕದಲ್ಲಿ ಪೆಟ್ರೋಲಿಗೆ ನೂರಕ್ಕೆ 10ರಷ್ಟು, ನಮ್ಮ ದೇಶದಲ್ಲಿ 20ರಷ್ಟು ಎಥನಾಲ್ ಎಂಬ ಮದ್ಯಸಾರವನ್ನು ಬೆರೆಸುವುದರಿಂದ, ಅದಕ್ಕಾಗಿ ತಯಾರಿಸದ ಹಳೆಯ ರಬ್ಬರು ಇನ್ನೂ ಬೇಗ ಕೆಡುತ್ತದೆ. ಆದಕಾರಣ ಹಳೆಯ ಗಾಡಿಯನ್ನಿಟ್ಟುಕೊಂಡ ನಮ್ಮ ಬೆಂಗಳೂರು ಮೈಸೂರುಗಳವರೂ ಈ ಕೊಳವೆಯನ್ನು ವರ್ಷಕ್ಕೊಮ್ಮೆಯಾದರೂ ಮುಟ್ಟಿ ನೋಡಬೇಕು. ಎರಡನೆಯದು ಬ್ರೇಕಿನ ದ್ರವ. ಅದು ಗಾಳಿಯಲ್ಲಿನ ತೇವವನ್ನು ಹೀರುವ ಸ್ವಭಾವದ್ದು. ತೇವ ಸೇರಿದ ದ್ರವವು ಘಾಟಿಯ ಇಳಿಜಾರಿನಲ್ಲಿ ಕುದಿದು, ಪೆಡಲು ನೆಲಕ್ಕೆ ಹೋಗಿಬಿಡುತ್ತದೆ. ಗಾಡಿ ಓಡಲಿ ಬಿಡಲಿ, ಎರಡು ವರ್ಷಕ್ಕೊಮ್ಮೆ ಅದನ್ನು ಬದಲಾಯಿಸಬೇಕು.

ಮೂರನೆಯದು ಟೈರು. ಅಭಿಮಾನಿಗಳು ಹೆಚ್ಚಾಗಿ ತಪ್ಪುವುದು ಇಲ್ಲಿಯೇ; ಏಕೆಂದರೆ ಓಡದ ಗಾಡಿಯ ಟೈರಿನಲ್ಲಿ ಗೀರುಗಳು ಹೊಸದರಂತೆ ಆಳವಾಗಿರುತ್ತವೆ. ಆದರೆ ರಬ್ಬರು ಗಡುಸಾಗಿ ನೆಲದ ಹಿಡಿತ ತಪ್ಪಿರುತ್ತದೆ. 2000ದಿಂದೀಚಿನ ಟೈರುಗಳ ಪಕ್ಕದಲ್ಲಿ ನಾಲ್ಕು ಅಂಕಿಗಳನ್ನು ಒತ್ತಿರುತ್ತಾರೆ: ಮೊದಲೆರಡು ವಾರವನ್ನೂ ಕಡೆಯೆರಡು ವರ್ಷವನ್ನೂ ತಿಳಿಸುವುವು. 1419 ಎಂದಿದ್ದರೆ 2019ರ ಹದಿನಾಲ್ಕನೆಯ ವಾರ. 2013ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಚಲಚ್ಚಿತ್ರ ನಟ ಪಾಲ್ ವಾಕರ್ ಮತ್ತು ಅವನ ಗೆಳೆಯರೊಬ್ಬರು ಪೋರ್ಷೆ ಕರೆರಾ ಜಿಟಿ ಗಾಡಿಯ ಅಪಘಾತದಲ್ಲಿ ಮಡಿದರು. ವಿಚಾರಣೆ ಮಾಡಿದ ಅಧಿಕಾರಿಗಳು ಮಿತಿಮೀರಿದ ವೇಗವೇ ಕಾರಣವೆಂದು ಹೇಳಿ, ಅದರ ಟೈರುಗಳು ಒಂಬತ್ತು ವರ್ಷ ಹಳೆಯವಾಗಿದ್ದುವೆಂಬುದನ್ನೂ ಬರೆದರು.

ಗಾಡಿಯನ್ನು ಓಡಿಸದೆ ಜೋಪಾನ ಮಾಡುತ್ತೇವೆಂದು ತಿಳಿದವರೂ ಉಂಟು. ನಿಂತ ಗಾಡಿಯಲ್ಲಿ ಪೆಟ್ರೋಲು ಅಂಟಾಗುತ್ತದೆ, ಸೀಲುಗಳು ಒಣಗುತ್ತವೆ, ಬ್ರೇಕಿನ ತಟ್ಟೆಗೆ ತುಕ್ಕು ಹಿಡಿಯುತ್ತದೆ. ಹದಿನೈದು ದಿನಕ್ಕೊಮ್ಮೆಯಾದರೂ ಎಂಜಿನ್ನು ಪೂರಾ ಕಾಯುವಷ್ಟು ದೂರ ಓಡಿಸಿದ ಗಾಡಿಯೇ ಲೇಸು.

ನಾನು ಆ ಗಾಡಿಗಾಗಿ ಒಂದು ಪುಸ್ತಕವನ್ನು ಇಟ್ಟಿದ್ದೆ. ಮೈಲಿಮಾಪಕದ ಗಾಲಿಯನ್ನು ಆಮೇಲೆ ಸರಿಮಾಡಿಸಿದರೂ, ಪುಸ್ತಕದ ಮೊದಲ ಮನೆಯಲ್ಲಿ ಬರೆಯುತ್ತಿದ್ದುದು ತಾರೀಖನ್ನೇ: ಬೆಲ್ಟು, ಕೊಳವೆ, ದ್ರವ, ಟೈರು, ಇಂಥ ದಿನ. ಊರಿಗೆ ಹಿಂದಿರುಗುವಾಗ ಗಾಡಿಯನ್ನು ಒಬ್ಬ ತರುಣನಿಗೆ ಮಾರಿದೆ. ಅವನು ಬಣ್ಣವನ್ನು ನೋಡಿದ, ಶಬ್ದವನ್ನು ಕೇಳಿದ, ಎಷ್ಟು ಮೈಲಿಯೆಂದು ವಿಚಾರಿಸಿದ. ನಾನು ಪುಸ್ತಕವನ್ನು ತೆರೆದು ಬೆಲ್ಟಿನ ಸಾಲಿನ ಮೇಲೆ ಬೆರಳಿಟ್ಟು, ಮುಂದಿನ ಮಾರ್ಚಿಗೆ ನಾಲ್ಕು ವರ್ಷ ತುಂಬುತ್ತದೆಂದು ಹೇಳಿ, ಬೀಗದ ಕೈಯನ್ನು ಅದರೊಡನೆಯೇ ಕೊಟ್ಟೆ.