ಆಟಿಸಂ ಇರುವ ಮಗುವಿನ ಥೆರಪಿಗೆ ವಿಮೆಯ ಹಣ ಸಿಗುತ್ತದೆಯೇ?



ಈ ಪುಟದಲ್ಲಿ ಸಾಮಾನ್ಯವಾಗಿ ಕೆಚ್ಚಲು ಬಾವು, ಕಾಲುಬಾಯಿ ಜ್ವರ, ಖನಿಜ ಮಿಶ್ರಣದ ಬಗ್ಗೆ ಬರೆಯುತ್ತೇವೆ. ಈ ಸಂಚಿಕೆಯಲ್ಲಿ ಮನೆಯ ಮಕ್ಕಳ ವಿಷಯ. ಹಳ್ಳಿಗಳಲ್ಲಿ ಹಸುವಿನ ಚಿಕಿತ್ಸೆ ಮುಗಿದು ಕೈ ತೊಳೆಯುವ ಹೊತ್ತಿಗೆ ಕೆಲವು ತಾಯಂದಿರು ದನಿ ತಗ್ಗಿಸಿ ಕೇಳುವುದುಂಟು: "ಡಾಕ್ಟ್ರೇ, ಮಗನಿಗೆ ಆಟಿಸಂ ಅಂದಿದ್ದಾರೆ. ವಾರಕ್ಕೆ ಎರಡು ಸಲ ಥೆರಪಿಗೆ ಹೋಗಬೇಕಂತೆ. ಯಶಸ್ವಿನಿ ಕಾರ್ಡಲ್ಲಿ ಆಗುತ್ತಾ?"

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಯಶಸ್ವಿನಿಯಲ್ಲಿ ಆಗುವುದಿಲ್ಲ. ಆದರೆ 'ನಿರಾಮಯ' ಎಂಬ ಇನ್ನೊಂದು ಆರೋಗ್ಯ ವಿಮೆಯಲ್ಲಿ ಆಗುತ್ತದೆ. ಇದರ ಸುದ್ದಿ ಹಳ್ಳಿಗೆ ತಲುಪದೆ ಎಷ್ಟೋ ಮನೆಗಳಲ್ಲಿ ಹಾಲಿನ ಬಟವಾಡೆಯೆಲ್ಲ ಬಸ್ಸಿಗೂ ಥೆರಪಿಗೂ ಹೋಗುತ್ತಿದೆ. ಕೊನೆಗೆ ಹಣ ಹೊಂದದೆ ಥೆರಪಿಯೇ ನಿಂತುಹೋಗುತ್ತದೆ. ನಷ್ಟವಾಗುವುದು ಮಗುವಿಗೆ.

ಆಟಿಸಂ ಎಂದರೆ

ಇದನ್ನು ಕನ್ನಡದಲ್ಲಿ ಸ್ವಲೀನತೆ ಎನ್ನುತ್ತಾರೆ. ಮಿದುಳಿನ ಬೆಳವಣಿಗೆಯಲ್ಲಿ ಇರುವ ವ್ಯತ್ಯಾಸ ಇದು. ಗಾಳಿ ಸೋಕಿದ್ದಲ್ಲ, ತಾಯಿಯ ಆರೈಕೆಯ ಕೊರತೆಯಲ್ಲ, ಲಸಿಕೆ ಹಾಕಿಸಿದ್ದರಿಂದ ಬಂದದ್ದೂ ಅಲ್ಲ. ವರ್ಷ ತುಂಬಿದ ಮಗು ಹೆಸರು ಹಿಡಿದು ಕರೆದರೂ ತಿರುಗದಿರುವುದು, ಬೇಕಾದ್ದನ್ನು ಬೆರಳು ತೋರಿಸಿ ಕೇಳದಿರುವುದು, ಬಂದಿದ್ದ ಮಾತು ನಿಂತುಹೋಗುವುದು, ಒಂದೇ ಚಲನೆಯನ್ನು ಮತ್ತೆ ಮತ್ತೆ ಮಾಡುವುದು ಇದರ ಕೆಲವು ಲಕ್ಷಣಗಳು. ಇದನ್ನು ಗುಣಪಡಿಸುವ ಮಾತ್ರೆ, ಚುಚ್ಚುಮದ್ದು ಇಲ್ಲ. 'ಪೂರ್ತಿ ವಾಸಿ ಮಾಡುತ್ತೇವೆ' ಎನ್ನುವವರಿಗೆ ಹಣ ಕೊಡಬೇಡಿ. ಉಪಯೋಗವಾಗುವುದು ಮಾತಿನ ತರಬೇತಿ, ಆಕ್ಯುಪೇಷನಲ್ ಥೆರಪಿ, ವರ್ತನೆಯ ತರಬೇತಿಗಳಿಂದ. ಇವನ್ನು ಎಷ್ಟು ಬೇಗ ಶುರುಮಾಡಿದರೆ ಅಷ್ಟು ಒಳ್ಳೆಯದು.

ಸಾಮಾನ್ಯ ವಿಮೆ ಏಕೆ ಕೊಡುವುದಿಲ್ಲ?

ರಾಸು ವಿಮೆಯ ಲೆಕ್ಕ ನಿಮಗೆ ಗೊತ್ತೇ ಇದೆ. ಹಸು ಸತ್ತರೆ ಪರಿಹಾರ ಬರುತ್ತದೆ. ಹಾಲುಜ್ವರಕ್ಕೆ ಹಾಕಿದ ಕ್ಯಾಲ್ಸಿಯಂ ಬಾಟಲಿಯ ಖರ್ಚು ಬರುವುದಿಲ್ಲ. ಪ್ರತಿ ವಿಮೆಗೂ ತಾನು ಯಾವುದಕ್ಕೆ ಕೊಡುತ್ತೇನೆ ಎಂಬ ಗೆರೆ ಇರುತ್ತದೆ.

ಯಶಸ್ವಿನಿಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಪಟ್ಟಿಯಲ್ಲಿರುವ ಚಿಕಿತ್ಸೆಗಳಿಗೆ, ನೆಟ್‌ವರ್ಕ್ ಆಸ್ಪತ್ರೆಯಲ್ಲಿ ದಾಖಲಾದರೆ ಸೌಲಭ್ಯ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕವೂ ಮುಖ್ಯವಾಗಿ ದಾಖಲಾಗುವ ಚಿಕಿತ್ಸೆಗೇ. ಹೆಚ್ಚಿನ ಖಾಸಗಿ ಪಾಲಿಸಿಗಳು ಕನಿಷ್ಠ 24 ಗಂಟೆ ದಾಖಲಾಗಿರಬೇಕು ಎನ್ನುತ್ತವೆ. ಥೆರಪಿ ಎಂದರೆ ಮಗು ಬಂದು, ಮುಕ್ಕಾಲು ಗಂಟೆ ಕಲಿತು, ಮನೆಗೆ ಹೋಗುವುದು. ಅದು ಹೊರರೋಗಿ ಸೇವೆ. ಹಾಗಾಗಿ ಗೆರೆಯ ಆಚೆ ಉಳಿಯುತ್ತದೆ.

ಹಾಗೆಂದು ಯಶಸ್ವಿನಿಯನ್ನು ಬಿಡಬೇಡಿ. ಅದೇ ಮಗುವಿಗೆ ನಾಳೆ ಶಸ್ತ್ರಚಿಕಿತ್ಸೆ ಬೇಕಾದರೆ ಅದು ಬೇಕು.

ನಿರಾಮಯ ವಿಮೆ

ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ ಮತ್ತು ಬಹುವಿಧ ಅಂಗವೈಕಲ್ಯ ಇರುವವರಿಗಾಗಿ 1999ರ ಕಾಯ್ದೆಯಂತೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್ ಇದೆ. ನಿರಾಮಯ ಅದರ ಯೋಜನೆ. ಇದರ ಮುಖ್ಯ ಅಂಶಗಳು:

• ವರ್ಷಕ್ಕೆ ಒಟ್ಟು 1 ಲಕ್ಷ ರೂಪಾಯಿವರೆಗೆ ರಕ್ಷಣೆ.
• ಹೊರರೋಗಿ ಚಿಕಿತ್ಸೆ ಮತ್ತು ನಿರಂತರ ಥೆರಪಿಯ ಖರ್ಚೂ ಸೇರಿದೆ. ಆದರೆ ಥೆರಪಿಗೆ ಬೇರೆಯೇ ಮಿತಿ ಇದೆ; ಇಡೀ 1 ಲಕ್ಷವನ್ನು ಥೆರಪಿಗೇ ಬಳಸಲು ಬರುವುದಿಲ್ಲ.
• ವಯಸ್ಸಿನ ಮಿತಿ ಇಲ್ಲ. ಸೇರುವ ಮೊದಲು ವೈದ್ಯಕೀಯ ಪರೀಕ್ಷೆ ಇಲ್ಲ. 'ಮೊದಲೇ ಇದ್ದ ತೊಂದರೆ' ಎಂದು ತಳ್ಳಿಹಾಕುವಂತಿಲ್ಲ.
• ನೋಂದಣಿ ಶುಲ್ಕ ಬಿಪಿಎಲ್ ಕುಟುಂಬಕ್ಕೆ 250 ರೂ., ಎಪಿಎಲ್‌ಗೆ 500 ರೂ. ನವೀಕರಣಕ್ಕೆ ಕ್ರಮವಾಗಿ 50 ರೂ. ಮತ್ತು 250 ರೂ.
• ಪಾಲಿಸಿ ವರ್ಷ ಏಪ್ರಿಲ್ 1ರಿಂದ ಮಾರ್ಚ್ 31. ನವೀಕರಣ ತಪ್ಪಿದರೆ ರಕ್ಷಣೆಯೂ ತಪ್ಪುತ್ತದೆ.

ಅರ್ಜಿಯನ್ನು ಟ್ರಸ್ಟ್‌ನಲ್ಲಿ ನೋಂದಾಯಿತ ಸಂಸ್ಥೆಯ ಮೂಲಕ ಆನ್‌ಲೈನ್‌ನಲ್ಲಿ ಹಾಕಬೇಕು. ನಿಮ್ಮ ಜಿಲ್ಲೆಯಲ್ಲಿ ಅಂಥ ಸಂಸ್ಥೆ ಯಾವುದು ಎಂಬುದನ್ನು ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿಗಳ ಕಚೇರಿಯಲ್ಲಿ ಕೇಳಿ. ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು, ಅಂದರೆ ವಿ.ಆರ್.ಡಬ್ಲ್ಯೂ., ದಾರಿ ತೋರಿಸುತ್ತಾರೆ.

ಮೊದಲು ಯುಡಿಐಡಿ ಕಾರ್ಡ್

ಕಿವಿಯೋಲೆ ಇಲ್ಲದ ರಾಸಿಗೆ ಕ್ಲೇಮ್ ಇಲ್ಲ ಎಂಬುದು ನಿಮಗೆಲ್ಲ ಗೊತ್ತು. ಇಲ್ಲಿಯೂ ದಾಖಲೆಯೇ ಮೊದಲು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು ಗುರುತಿಸಿದ 21 ವಿಧಗಳಲ್ಲಿ ಆಟಿಸಂ ಕೂಡ ಒಂದು. ಯುಡಿಐಡಿ ಜಾಲತಾಣದಲ್ಲಿ ಅರ್ಜಿ ಹಾಕಿ, ಸೂಚಿಸಿದ ಆಸ್ಪತ್ರೆಗೆ ಮಗುವನ್ನು ಕರೆದೊಯ್ದರೆ ವೈದ್ಯಕೀಯ ಮಂಡಳಿ ಪರೀಕ್ಷಿಸಿ ಪ್ರಮಾಣಪತ್ರ ಕೊಡುತ್ತದೆ. ಚಿಕ್ಕ ಮಕ್ಕಳ ಪ್ರಮಾಣಪತ್ರಕ್ಕೆ ಅವಧಿ ಇರುತ್ತದೆ. ಮುಗಿಯುವ ಮೊದಲೇ ಮರುತಪಾಸಣೆ ಮಾಡಿಸಿ.

'ಕಾರ್ಡ್ ಮಾಡಿಸಿದರೆ ಊರಿಗೆಲ್ಲ ಗೊತ್ತಾಗುತ್ತದೆ' ಎಂದು ಹಿಂಜರಿಯುವವರಿದ್ದಾರೆ. ಕಾರ್ಡ್ ನಿಮ್ಮ ಮನೆಯ ಪೆಟ್ಟಿಗೆಯಲ್ಲಿ ಇರುತ್ತದೆ, ಊರ ಬಾಗಿಲಲ್ಲಿ ತೂಗುವುದಿಲ್ಲ. ಅದಿಲ್ಲದೆ ಹೋದರೆ ಮಗುವಿಗೆ ಸಿಗಬೇಕಾದ ಸೌಲಭ್ಯಗಳು ಕೈತಪ್ಪುತ್ತವೆ.

ಕ್ಲೇಮ್ ಹಾಕುವಾಗ

ನಿರಾಮಯದಲ್ಲಿ ನೀವು ಮೊದಲು ಹಣ ಕಟ್ಟಿ, ಆಮೇಲೆ ಬಿಲ್ ಕೊಟ್ಟು ವಾಪಸ್ ಪಡೆಯಬೇಕು. ಆದ್ದರಿಂದ ಕಾಗದಪತ್ರ ಸರಿಯಿರಬೇಕು.

• ಯಾವ ಥೆರಪಿ, ವಾರಕ್ಕೆ ಎಷ್ಟು ಸಲ ಎಂದು ವೈದ್ಯರಿಂದ ಚೀಟಿ ಬರೆಸಿಕೊಳ್ಳಿ.
• ಬಿಲ್ಲಿನಲ್ಲಿ ಮಗುವಿನ ಹೆಸರು, ಥೆರಪಿ ನಡೆದ ದಿನಾಂಕಗಳು, ಮೊತ್ತ, ಸಹಿ, ಮೊಹರು ಇರಲಿ. ಥೆರಪಿ ಕೊಡುವವರ ನೋಂದಣಿ ಸಂಖ್ಯೆಯನ್ನೂ ಬರೆಸಿ.
• ಹೆಸರು ಆಧಾರ್, ಯುಡಿಐಡಿ, ಪಾಸ್‌ಬುಕ್ ಎಲ್ಲದರಲ್ಲೂ ಒಂದೇ ರೀತಿ ಇದೆಯೇ ನೋಡಿ.
• ಚಿಕಿತ್ಸೆಯಾದ 30 ದಿನಗಳ ಒಳಗೆ ಕ್ಲೇಮ್ ಕಳುಹಿಸಿ. ಬಿಲ್ಲುಗಳನ್ನು ವರ್ಷದ ಕೊನೆಗೆಂದು ಕೂಡಿಡಬೇಡಿ. ಆಯಾ ತಿಂಗಳದ್ದು ಆಗಲೇ ಹೋಗಲಿ.
• ಮೂಲ ಬಿಲ್ ಕಳುಹಿಸುವ ಮೊದಲು ಜೆರಾಕ್ಸ್ ಇಟ್ಟುಕೊಳ್ಳಿ.

ಖಾಸಗಿ ಪಾಲಿಸಿ ಇದ್ದರೆ

ಮಾನಸಿಕ ಅಸ್ವಸ್ಥತೆಗೂ ದೈಹಿಕ ಕಾಯಿಲೆಯಂತೆಯೇ ವಿಮೆ ಇರಬೇಕು ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. ವಿಕಲಚೇತನರಿಗೆ ಆರೋಗ್ಯ ಪಾಲಿಸಿ ಕೊಡಲೇಬೇಕು ಎಂದು 2023ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಕಂಪನಿಗಳಿಗೆ ಸೂಚಿಸಿದೆ. ಹಾಗಾಗಿ 'ಆಟಿಸಂ ಇದ್ದರೆ ಪಾಲಿಸಿಯೇ ಇಲ್ಲ' ಎಂಬ ಮಾತನ್ನು ಒಪ್ಪಬೇಡಿ. ಆದರೆ ಪಾಲಿಸಿ ಸಿಕ್ಕಿತು ಎಂದರೆ ಥೆರಪಿಗೆ ಹಣ ಬರುತ್ತದೆ ಎಂದಲ್ಲ. ಸಹಿ ಹಾಕುವ ಮೊದಲು ಎರಡು ಪ್ರಶ್ನೆ ಕೇಳಿ: ಹೊರರೋಗಿ ಥೆರಪಿ ಸೇರಿದೆಯೇ? ಕಾಯುವ ಅವಧಿ ಎಷ್ಟು? ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ. ಮಗುವಿನ ಸ್ಥಿತಿಯನ್ನು ಮುಚ್ಚಿಡಬೇಡಿ. ಮುಚ್ಚಿಟ್ಟದ್ದು ಗೊತ್ತಾದರೆ ಕ್ಲೇಮ್ ಬಿದ್ದುಹೋಗುತ್ತದೆ.

ಮಗುವಿನ ಅಪ್ಪನೋ ಅಮ್ಮನೋ ಕಂಪನಿ ಕೆಲಸದಲ್ಲಿದ್ದರೆ ಅಲ್ಲಿನ ಗುಂಪು ವಿಮೆಯಲ್ಲಿ ಥೆರಪಿ ಇದೆಯೇ ಎಂದು ಕಚೇರಿಯಲ್ಲಿ ವಿಚಾರಿಸಲಿ. ಕೆಲವು ಕಂಪನಿಗಳ ಪಾಲಿಸಿಯಲ್ಲಿ ಇರುತ್ತದೆ.

ಕ್ಲೇಮ್ ತಿರಸ್ಕರಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ. ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ದೂರು ಕೊಡಿ. 30 ದಿನಗಳಲ್ಲಿ ಪರಿಹಾರ ಸಿಗದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಬರೆಯಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಡ.

ವಿಮೆಗಾಗಿ ಥೆರಪಿ ಕಾಯಬಾರದು

ಕಾಗದಪತ್ರಕ್ಕೆ ತಿಂಗಳುಗಳು ಹಿಡಿಯಬಹುದು. ಮಗುವಿನ ಕಲಿಯುವ ವಯಸ್ಸು ಕಾಯುವುದಿಲ್ಲ. ಅಂಗನವಾಡಿ ಮತ್ತು ಸರ್ಕಾರಿ ಶಾಲೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೆ ಮಗುವನ್ನು ತೋರಿಸಿ. ಅವರು ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳುಹಿಸುತ್ತಾರೆ. ಅಲ್ಲಿ ಸೇವೆ ಉಚಿತ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ಕೂಡ ಇಂಥ ಮಕ್ಕಳನ್ನು ನೋಡುತ್ತವೆ. ಮನೆಯಲ್ಲಿ ಮಾಡಿಸಬೇಕಾದ ಅಭ್ಯಾಸವನ್ನು ಥೆರಪಿ ಕೊಡುವವರಿಂದ ಕಲಿತುಕೊಳ್ಳಿ. ವಾರಕ್ಕೆ ಎರಡು ಗಂಟೆ ಅವರು ಕಲಿಸಿದ್ದು ಉಳಿಯುವುದು ಮಿಕ್ಕ ದಿನಗಳಲ್ಲಿ ನೀವು ಮಾಡಿಸಿದಾಗಲೇ.

ಸಂಘದ ಕಾರ್ಯದರ್ಶಿಗಳಲ್ಲಿ ಒಂದು ವಿನಂತಿ. ಈ ಪುಟವನ್ನು ಹಾಲು ಅಳೆಯುವ ಜಾಗದಲ್ಲಿ, ಎಲ್ಲರ ಕಣ್ಣಿಗೆ ಬೀಳುವಂತೆ ಅಂಟಿಸಿ. ಕೇಳಲು ಸಂಕೋಚಪಡುವ ತಾಯಿಯೂ ಅದನ್ನು ನಿಂತು ಓದಿಕೊಳ್ಳಲಿ.