ಹಾಸನದ ಮೊದಲ ಸ್ಥಾನ ಯಾರ ಲೆಕ್ಕಕ್ಕೆ?

2019ರ ಎಸ್ಸೆಸ್ಸೆಲ್ಸಿಯಲ್ಲಿ ಶೇ 89.33 ಫಲಿತಾಂಶದೊಂದಿಗೆ ಹಾಸನ ರಾಜ್ಯಕ್ಕೇ ಮೊದಲಾಯಿತು. ಹಿಂದಿನ ವರ್ಷ ಏಳನೆಯ ಸ್ಥಾನ. ರಾಜ್ಯದ ಸರಾಸರಿ ಶೇ 73.70. ಬೆನ್ನಿಗೇ ಚರ್ಚೆ ಎದ್ದಿತು: ಶ್ರೇಯಸ್ಸು ಜಿಲ್ಲಾಧಿಕಾರಿಯಾಗಿದ್ದ ರೋಹಿಣಿ ಸಿಂಧೂರಿ ಅವರಿಗೋ, ಜಿಲ್ಲಾ ಪಂಚಾಯಿತಿಗೋ? ಮೇಷ್ಟ್ರುಗಳ ಹೆಸರು ಕೇಳಿದ್ದು ಕಡಿಮೆ.

ವಿಶೇಷ ತರಗತಿ, ಸರಣಿ ಪರೀಕ್ಷೆ, ಶಿಕ್ಷಕರ ತರಬೇತಿ ಒಟ್ಟೊಟ್ಟಿಗೇ ನಡೆದರೆ ಯಾವುದು ಫಲ ಕೊಟ್ಟಿತೆಂದು ಶೇಕಡಾವಾರು ಅಂಕಿ ಹೇಳಲಾರದು. ಅಳತೆಗೋಲೂ ಸ್ಥಿರವಲ್ಲ. 2023ರಲ್ಲಿ ಶೇ 83.89 ಇದ್ದ ರಾಜ್ಯದ ಫಲಿತಾಂಶ, ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್ ಬಂದ 2024ರಲ್ಲಿ ಕೃಪಾಂಕ ಸೇರಿಸಿಯೂ ಶೇ 73.40ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ಪಾಠ ಅಷ್ಟು ಕೆಟ್ಟಿತೆಂದು ಯಾರೂ ನಂಬುವುದಿಲ್ಲ.

ಇನ್ನೊಂದು ಮೋಸವನ್ನು 1886ರಲ್ಲೇ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ ತೋರಿಸಿದ್ದ. ತೀರಾ ಎತ್ತರದ ತಂದೆತಾಯಿಯ ಮಕ್ಕಳು ಸಾಮಾನ್ಯವಾಗಿ ಅವರಿಗಿಂತ ಕುಳ್ಳು, ತೀರಾ ಕುಳ್ಳರ ಮಕ್ಕಳು ತುಸು ಎತ್ತರ. ಎರಡೂ ಸರಾಸರಿಯತ್ತ ಸರಿಯುತ್ತವೆ. ಶಾಲೆಗಳ ಫಲಿತಾಂಶವೂ ಹಾಗೆಯೇ. ಹಾಸನ ಜಿಲ್ಲೆಯ ಅರಕಲಗೂಡಿನಲ್ಲಿ ಈ ವರ್ಷ ಕಡೆಯಲ್ಲಿರುವ ಶಾಲೆಗಳಿಗಷ್ಟೇ ತರಬೇತುದಾರರನ್ನು ಕಳಿಸಿದರೆ ಮುಂದಿನ ವರ್ಷ ಅವು ಏರುವುದು ಬಹುತೇಕ ಖಚಿತ, ತರಬೇತುದಾರ ಬರೀ ಕಾಫಿ ಕುಡಿದು ಹೋಗಿದ್ದರೂ!

ಇದಕ್ಕೆ ಮದ್ದು ಚೀಟಿ ಎತ್ತುವುದು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಒಂದೊಂದು ತಾಲ್ಲೂಕಿನೊಳಗೂ ಚೀಟಿ ಎತ್ತಿ ಅರ್ಧ ಶಾಲೆಗಳಿಗೆ ಈ ವರ್ಷ, ಉಳಿದರ್ಧಕ್ಕೆ ಮುಂದಿನ ವರ್ಷ ತರಬೇತಿ ಕೊಟ್ಟರಾಯಿತು. ಯಾರಿಗೂ ತಪ್ಪುವುದಿಲ್ಲ, ಹೋಲಿಸಲು ಜೊತೆಯೂ ಸಿಗುತ್ತದೆ.

ಇಂಥ ಹೋಲಿಕೆಯಿರುವ 60 ಅಧ್ಯಯನಗಳನ್ನು ಅಮೆರಿಕದ ಮ್ಯಾಥ್ಯೂ ಕ್ರಾಫ್ಟ್ ಮತ್ತು ಸಂಗಡಿಗರು 2018ರಲ್ಲಿ ಒಟ್ಟಿಗೆ ತೂಗಿದರು. ಅವರು ನೋಡಿದ ತರಬೇತಿಯಲ್ಲಿ ಅನುಭವಿಯೊಬ್ಬರು ಶಿಕ್ಷಕರ ಪಾಠವನ್ನು ಕೂತು ಗಮನಿಸಿ, ಆಮೇಲೆ ಅದರ ಬಗ್ಗೆ ಅವರೊಡನೆ ಮಾತಾಡುತ್ತಾರೆ. ಪಾಠದ ಗುಣಮಟ್ಟ 0.49 ಮಾನಕ ವಿಚಲನೆಯಷ್ಟು ಏರಿತ್ತು. ಮಕ್ಕಳ ಅಂಕ 0.18ರಷ್ಟು ಮಾತ್ರ. ಅಂದರೆ ನೂರು ಮಕ್ಕಳ ಸಾಲಿನ ನಡುವೆ ನಿಂತವರು ಸುಮಾರು ಏಳು ಜನರನ್ನು ದಾಟಿ ಮುಂದೆ ಹೋದಂತೆ. ಸಣ್ಣದೆನಿಸಬಹುದು; ಶಾಲಾ ಸುಧಾರಣೆಯಲ್ಲಿ ಇಷ್ಟು ಸಿಗುವುದೂ ಅಪರೂಪ.

ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಬೇರೆ. ತರಬೇತಿಯ ಗಂಟೆಗಳು ಹೆಚ್ಚಾದಷ್ಟೂ ಲಾಭ ಹೆಚ್ಚಿತೆಂಬುದಕ್ಕೆ ಅವರಿಗೆ ಪುರಾವೆ ಸಿಗಲಿಲ್ಲ. ನಮ್ಮ ಕಚೇರಿಗಳು ಲೆಕ್ಕ ಇಡುವುದೋ ದಿನ ಮತ್ತು ಹಾಜರಿಯನ್ನೇ. ಜೊತೆಗೆ, ನೂರಕ್ಕೂ ಹೆಚ್ಚು ಶಿಕ್ಷಕರಿದ್ದ ಯೋಜನೆಗಳಲ್ಲಿ ಲಾಭ ಸಾಕಷ್ಟು ತಗ್ಗಿತ್ತು. ನಮ್ಮಲ್ಲಿ ಪಾಠ ನೋಡಿ ಸಲಹೆ ಕೊಡುವ ಹೊಣೆ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಯದು (ಸಿಆರ್‌ಪಿ). ಅವರ ಪಾಲಿಗೆ ಹಲವು ಶಾಲೆಗಳು, ಮೇಲಿಂದ ಮೇಲೆ ಮಾಹಿತಿ ಕೇಳುವ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿ.